ಇದು ಯಾವ ಮನ್ರೋ? ಒಂದೇ ಹೆಸರಿನ ಸ್ಕಾಟರನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ

ನಮ್ಮ ಕಡೆಯ ಇತಿಹಾಸ ಓದುವವರಿಗೆ ಮನ್ರೋ ಎಂಬ ಹೆಸರು ತಪ್ಪದೇ ಎದುರಾಗುತ್ತದೆ. ಬಕ್ಸಾರ್ ಕದನದ ಪಾಠದಲ್ಲಿ ಒಬ್ಬ ಮನ್ರೋ ಇದ್ದಾನೆ. ರೈತರಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯ ಪಾಠದಲ್ಲಿ ಇನ್ನೊಬ್ಬ. ಮಂತ್ರಾಲಯಕ್ಕೆ ಹೋದರೆ ಅಲ್ಲಿ ಹೇಳುವ ಕಥೆಯಲ್ಲೂ ಮನ್ರೋ. ಕೊಲ್ಲಂ ಹತ್ತಿರ ದೋಣಿಯಲ್ಲಿ ಸುತ್ತಾಡಿದರೆ ಅಲ್ಲಿನ ದ್ವೀಪದ ಹೆಸರೇ ಮನ್ರೋ. ವೈದ್ಯಕೀಯ ಓದುವ ಮಕ್ಕಳಿಗೆ ಮೆದುಳಿನ ಒಳಗೊಂದು ಮನ್ರೋ ರಂಧ್ರ ಸಿಗುತ್ತದೆ. ರಾಜ್ಯಶಾಸ್ತ್ರದವರಿಗೆ ಅಮೆರಿಕದ ಮನ್ರೋ ಸಿದ್ಧಾಂತ.

ಇವರೆಲ್ಲ ಒಬ್ಬರಲ್ಲ. ಆದರೆ ಆನ್‌ಲೈನ್‌ನಲ್ಲಿ ಓದುವಾಗ ಒಬ್ಬನ ಹುಟ್ಟಿದ ವರ್ಷ, ಇನ್ನೊಬ್ಬನ ಫೋಟೋ, ಮೂರನೆಯವನ ಸಾಹಸ ಎಲ್ಲ ಸೇರಿ ಒಬ್ಬ ಹೊಸ ಮನುಷ್ಯ ತಯಾರಾಗಿರುವುದು ಕಾಣುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದರಿಂದ ಒಂದು ಅಂಕ ಹೋಗಬಹುದು, ಅದು ಸಣ್ಣ ನಷ್ಟ. ದೊಡ್ಡ ನಷ್ಟ ಬೇರೆ ಇದೆ. ಹೈದರಾಲಿಯ ಸೈನ್ಯದ ಎದುರು ಫಿರಂಗಿಗಳನ್ನು ಕೆರೆಗೆ ತಳ್ಳಿ ಹಿಂದೆ ಸರಿದ ಸೇನಾಪತಿಯನ್ನೂ, ಕೆನರಾದ ರೈತರ ಹಳೆಯ ಭೂಮಿ ಹಕ್ಕನ್ನು ಕಾಗದದ ಮೇಲೆ ದಾಖಲಿಸಿದ ಕಲೆಕ್ಟರನ್ನೂ ಒಂದೇ ಹೆಸರಿನ ಕೆಳಗೆ ಹಾಕಿದರೆ ನಮ್ಮ ಊರುಗಳ ಕಥೆಯೇ ಕಲಸಿಹೋಗುತ್ತದೆ. ಅದಕ್ಕೇ ಈ ಮಾರ್ಗದರ್ಶಿ. ಉದಾಹರಣೆಗೆ ಮನ್ರೋ ಹೆಸರನ್ನೇ ತೆಗೆದುಕೊಂಡಿದ್ದೇನೆ. ಇದೇ ವಿಧಾನ ಮೆಕೆಂಜಿ, ಕ್ಯಾಂಪ್‌ಬೆಲ್, ಮ್ಯಾಲ್ಕಂ, ಫ್ರೇಸರ್ ಮುಂತಾದ ಯಾವ ಸ್ಕಾಟಿಷ್ ಹೆಸರಿಗಾದರೂ ನಡೆಯುತ್ತದೆ.

ಹೆಜ್ಜೆ 1: ಹೆಸರು ಯಾಕೆ ಇಷ್ಟು ಸಲ ಬರುತ್ತದೆ ಎಂದು ಮೊದಲು ತಿಳಿದುಕೊಳ್ಳಿ

ಮನ್ರೋ ಎನ್ನುವುದು ಸ್ಕಾಟ್ಲೆಂಡಿನ ಉತ್ತರ ಭಾಗದ, ಈಸ್ಟರ್ ರಾಸ್ ಸೀಮೆಯ ಒಂದು ಕುಲದ ಹೆಸರು. ಕುಲದ ಮುಖ್ಯಸ್ಥರ ಮನೆ ಫೌಲಿಸ್ ಕೋಟೆ. ರಕ್ತಸಂಬಂಧ ಇದ್ದವರು ಮಾತ್ರವಲ್ಲ, ಕುಲದ ಆಶ್ರಯದಲ್ಲಿ ಬದುಕಿದವರೂ ಅದೇ ಹೆಸರು ಇಟ್ಟುಕೊಂಡರು. ಹಾಗಾಗಿ ಇಬ್ಬರು ಮನ್ರೋಗಳು ಸಿಕ್ಕ ಕೂಡಲೇ ಅವರು ನೆಂಟರು ಅಂದುಕೊಳ್ಳಬೇಡಿ.

ಅದರ ಮೇಲೆ ಇನ್ನೊಂದು ರೂಢಿ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವುದು ಅಲ್ಲಿ ಬಹಳ ಕಡೆ ನಡೆದು ಬಂದ ಪದ್ಧತಿ. ನಮ್ಮಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ ಅಲ್ವಾ, ಹಾಗೇ. ಇದರಿಂದ ಹೆಕ್ಟರ್, ಹ್ಯೂ, ಥಾಮಸ್, ಜಾನ್, ಅಲೆಕ್ಸಾಂಡರ್ ಎಂಬ ಕೆಲವೇ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಸುತ್ತುತ್ತಲೇ ಇರುತ್ತವೆ. ತಾಯಿಯ ಮನೆತನದ ಹೆಸರನ್ನು ಮಗನ ಮೊದಲ ಹೆಸರಾಗಿ ಇಡುವುದೂ ಉಂಟು. ಥಾಮಸ್ ಮನ್ರೋನ ಹೆಂಡತಿ ಜೇನ್ ಕ್ಯಾಂಪ್‌ಬೆಲ್. ಅವರ ಒಬ್ಬ ಮಗನ ಹೆಸರು ಕ್ಯಾಂಪ್‌ಬೆಲ್ ಮನ್ರೋ. ಪಟ್ಟಿಯಲ್ಲಿ ಇದನ್ನು ನೋಡಿ ಕ್ಯಾಂಪ್‌ಬೆಲ್ ಒಬ್ಬ, ಮನ್ರೋ ಒಬ್ಬ ಎಂದು ಇಬ್ಬರನ್ನು ಮಾಡಬೇಡಿ.

ಹೆಜ್ಜೆ 2: ವರ್ಷ ಮತ್ತು ಊರು ಹಿಡಿಯಿರಿ

ಇದೇ ಎಲ್ಲಕ್ಕಿಂತ ಮುಖ್ಯ. ಹೆಸರು ಬಿಟ್ಟುಬಿಡಿ. ಘಟನೆ ಯಾವ ವರ್ಷದ್ದು, ಎಲ್ಲಿಯದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಆ ವರ್ಷ ಆ ಊರಲ್ಲಿ ಯಾರಿದ್ದರು ಎಂದು ನೋಡಿ. ನಮಗೆ ಸಂಬಂಧಪಟ್ಟ ಮನ್ರೋಗಳು ಮುಖ್ಯವಾಗಿ ಮೂವರು, ಅವರ ಓಡಾಟ ಗೊತ್ತಿದ್ದರೆ ಅರ್ಧಕ್ಕಿಂತ ಜಾಸ್ತಿ ಗೊಂದಲ ಅಲ್ಲೇ ಕಳೆಯುತ್ತದೆ.

ಮೊದಲನೆಯವನು ಹೆಕ್ಟರ್ ಮನ್ರೋ. ಹುಟ್ಟಿದ್ದು 1726, ಸತ್ತದ್ದು 1805. 1764ರ ಅಕ್ಟೋಬರ್ 22ರಂದು ಬಕ್ಸಾರ್‌ನಲ್ಲಿ ಗೆದ್ದವನು ಈತನೇ. ಅದೇ ವರ್ಷ, ಕದನಕ್ಕೆ ಮೊದಲು, ಸಿಪಾಯಿಗಳು ದಂಗೆ ಎದ್ದಾಗ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಫಿರಂಗಿಯ ಬಾಯಿಗೆ ಕಟ್ಟಿ ಕೊಲ್ಲಿಸಿದವನೂ ಈತನೇ. ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು. ಗೆಲುವು ಮಾತ್ರ ಹೇಳಿ ಇನ್ನೊಂದನ್ನು ಬಿಡುವ ಪುಸ್ತಕಗಳೇ ಹೆಚ್ಚು. ಆಮೇಲೆ ಊರಿಗೆ ಹೋಗಿ ಪಾರ್ಲಿಮೆಂಟ್ ಸದಸ್ಯನಾದ, 1778ರಲ್ಲಿ ಮದರಾಸಿನ ಸೇನಾಪತಿಯಾಗಿ ಮತ್ತೆ ಬಂದ. ಪಾಂಡಿಚೇರಿಯನ್ನು ಫ್ರೆಂಚರಿಂದ ಕಿತ್ತುಕೊಂಡ.

ನಮಗೆ ಬೇಕಾದದ್ದು 1780. ಹೈದರಾಲಿ ಕರ್ನಾಟಿಕ್ ಬಯಲಿಗೆ ಇಳಿದಿದ್ದ. ಹೆಕ್ಟರ್ ಮನ್ರೋ ಕಾಂಚೀಪುರದಲ್ಲಿ ಸೈನ್ಯ ಇಟ್ಟುಕೊಂಡು ಕೂತಿದ್ದ. ಕರ್ನಲ್ ವಿಲಿಯಂ ಬೈಲಿಯ ಪಡೆ ಬಂದು ಸೇರಬೇಕಿತ್ತು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಬೈಲಿಯ ಪಡೆಯನ್ನು ಮುಗಿಸಿದರು. ಕೆಲವೇ ಮೈಲಿ ದೂರದಲ್ಲಿದ್ದ ಮನ್ರೋ ಸಮಯಕ್ಕೆ ತಲುಪಲಿಲ್ಲ. ಭಾರದ ಫಿರಂಗಿಗಳನ್ನು ಕಾಂಚಿಯ ದೇವಸ್ಥಾನದ ಕೆರೆಗೆ ಹಾಕಿಸಿ ಮದರಾಸಿನ ಕಡೆ ಸರಿದುಬಿಟ್ಟ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿನ ದೊಡ್ಡ ಯುದ್ಧಚಿತ್ರ ಇದೇ ಪೊಲ್ಲಿಲೂರಿನದು. ಮುಂದಿನ ಸಲ ಹೋದಾಗ ಆ ಗೋಡೆಯ ಎದುರು ಸ್ವಲ್ಪ ಹೊತ್ತು ನಿಲ್ಲಿ. ಸೆರೆಯಾದ ಬೈಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಅವನ ಸ್ಮಾರಕ ಗುಂಬಜ್ ಹತ್ತಿರ ಈಗಲೂ ಇದೆ.

ಎರಡನೆಯವನು ಥಾಮಸ್ ಮನ್ರೋ, 1761ರಿಂದ 1827. ಗ್ಲಾಸ್ಗೋ ನಗರದ ವ್ಯಾಪಾರಿಯ ಮಗ. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಅಪ್ಪನ ವ್ಯಾಪಾರ ನೆಲಕಚ್ಚಿತು, ಹುಡುಗ ಕಂಪನಿಯ ಸೈನ್ಯಕ್ಕೆ ಸೇರಿ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದ. 1792ರಿಂದ 1799ರವರೆಗೆ ಈಗಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿ ಕಡೆಯ ಬಾರಾಮಹಲ್‌ನಲ್ಲಿ ಅಲೆಕ್ಸಾಂಡರ್ ರೀಡ್‌ನ ಕೈಕೆಳಗೆ ಕಂದಾಯದ ಕೆಲಸ ಕಲಿತ. ಟಿಪ್ಪು ಸತ್ತ ಮೇಲೆ, 1799ರಲ್ಲಿ, ಕೆನರಾದ ಕಲೆಕ್ಟರ್. ಆಗಿನ ಕೆನರಾ ಅಂದರೆ ಈಗಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಎಲ್ಲ ಸೇರಿದ ಕರಾವಳಿ. ಅಲ್ಲಿ ಇದ್ದದ್ದು ಸುಮಾರು ಒಂದೂಕಾಲು ವರ್ಷ ಮಾತ್ರ. 1800ರ ಕೊನೆಗೆ ಬಳ್ಳಾರಿ, ಕಡಪ, ಅನಂತಪುರ, ಕರ್ನೂಲು ಸೀಮೆಗಳ, ಅಂದರೆ ನಿಜಾಮ ಬಿಟ್ಟುಕೊಟ್ಟ ದತ್ತ ಮಂಡಲದ, ಪ್ರಧಾನ ಕಲೆಕ್ಟರ್. ಅಲ್ಲಿ 1807ರವರೆಗೆ. ಆಮೇಲೆ ಊರಿಗೆ ಹೋದವನು 1814ರಲ್ಲಿ ವಾಪಸ್ ಬಂದ. 1817–18ರ ಮರಾಠ ಯುದ್ಧದಲ್ಲಿ ಸಣ್ಣ ಪಡೆಯೊಂದಿಗೆ ಧಾರವಾಡದ ಕಡೆಯಿಂದ ಹೊರಟು ಬಾದಾಮಿ, ಬೆಳಗಾವಿ ಕೋಟೆಗಳನ್ನು ಹಿಡಿದ. 1820ರಿಂದ ಮದರಾಸಿನ ಗವರ್ನರ್. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ಬಂದು ಸತ್ತ.

ಈ ಓಡಾಟದಲ್ಲಿ ಒಂದು ಖಾಲಿ ಜಾಗ ಇದೆ, ಗಮನಿಸಿ. 1808ರಿಂದ 1814ರವರೆಗೆ ಥಾಮಸ್ ಭಾರತದಲ್ಲೇ ಇರಲಿಲ್ಲ. ಈ ಒಂದು ಸಂಗತಿ ನಿಮಗೆ ತುಂಬ ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಆ ವರ್ಷಗಳಲ್ಲೇ ಮೂರನೆಯ ಮನ್ರೋ ದೊಡ್ಡ ಸುದ್ದಿಯಾಗುತ್ತಾನೆ.

ಆತ ಜಾನ್ ಮನ್ರೋ, 1778ರಿಂದ 1858. ಮದರಾಸು ಸೈನ್ಯದಲ್ಲಿ ಕ್ವಾರ್ಟರ್‌ಮಾಸ್ಟರ್ ಜನರಲ್ ಆಗಿದ್ದ. ಸಿಪಾಯಿಗಳ ಡೇರೆಗಳಿಗೆಂದು ಅಧಿಕಾರಿಗಳಿಗೆ ಹಣ ಸಿಗುವ ಒಂದು ಗುತ್ತಿಗೆ ಪದ್ಧತಿ ಇತ್ತು. ಅದನ್ನು ನಿಲ್ಲಿಸಬೇಕೆಂದು ಈತ ವರದಿ ಕೊಟ್ಟ. ಅಧಿಕಾರಿಗಳು ಕೆರಳಿದರು, ಸೇನಾಪತಿ ಈತನನ್ನೇ ಬಂಧನದಲ್ಲಿಟ್ಟ, ಗವರ್ನರ್ ಬಿಡಿಸಿದ. ಈ ಜಗಳ ಬೆಳೆದು 1809ರಲ್ಲಿ ಬಿಳಿ ಅಧಿಕಾರಿಗಳೇ ಸರ್ಕಾರದ ವಿರುದ್ಧ ಎದ್ದರು. ಶ್ರೀರಂಗಪಟ್ಟಣದ ಕೋಟೆಯಲ್ಲಿದ್ದ ಪಡೆ ದಂಗೆಗೆ ಸೇರಿತು. ಅವರನ್ನು ಕೂಡಿಕೊಳ್ಳಲು ಚಿತ್ರದುರ್ಗದಿಂದ ಹೊರಟ ಪಡೆಯನ್ನು ತಡೆದವರಲ್ಲಿ ಮೈಸೂರಿನ ಕುದುರೆ ಸವಾರರೂ ಇದ್ದರು. ಈ ಘಟನೆ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಗೊತ್ತಾಗಬೇಕಾದದ್ದೇ. 1810ರಲ್ಲಿ ಜಾನ್ ತಿರುವಾಂಕೂರು ಮತ್ತು ಕೊಚ್ಚಿಯ ರೆಸಿಡೆಂಟ್, ಅಂದರೆ ಆ ರಾಜರ ಬಳಿ ಕಂಪನಿಯ ಪ್ರತಿನಿಧಿ, ಆದ, 1811ರಿಂದ 1814ರವರೆಗೆ ತಿರುವಾಂಕೂರಿನ ದಿವಾನನೂ ಆದ. 1819ರವರೆಗೆ ಅಲ್ಲೇ ಇದ್ದ. ಅಷ್ಟಮುಡಿ ಸರೋವರದ ಹತ್ತಿರ ಕಲ್ಲಡ ಹೊಳೆ ಸೇರುವಲ್ಲಿ ಇರುವ ಮನ್ರೋ ತುರುತ್ತು ಎಂಬ ದ್ವೀಪ ಈತನ ಹೆಸರಿನದು, ಥಾಮಸ್‌ನದಲ್ಲ.

ಹೆಜ್ಜೆ 3: ವರ್ಷ, ಊರು ಎರಡೂ ಒಂದೇ ಆದರೆ ಹುದ್ದೆ ನೋಡಿ

1780, ಕಾಂಚೀಪುರ. ಇಲ್ಲಿ ಹೆಕ್ಟರ್ ಇದ್ದ. ಆದರೆ ಅದೇ ವರ್ಷ ಮದರಾಸಿಗೆ ಬಂದ ಹತ್ತೊಂಬತ್ತರ ಥಾಮಸ್ ಕೂಡ ಅದೇ ಸೈನ್ಯದಲ್ಲಿ ಇದ್ದ! ಒಬ್ಬ ದಂಡನಾಯಕ, ಇನ್ನೊಬ್ಬ ಕೆಡೆಟ್. ಹಿಂದೆ ಸರಿಯುವ ತೀರ್ಮಾನ ಹೆಕ್ಟರ್‌ನದು. ಹಾಗಾಗಿ ಯಾರಾದರೂ "ಮನ್ರೋ ಕಾಂಚಿಯಲ್ಲಿದ್ದ" ಎಂದು ಬರೆದರೆ ಅದು ಇಬ್ಬರಿಗೂ ಸರಿ, "ಮನ್ರೋ ಸೈನ್ಯವನ್ನು ಹಿಂದಕ್ಕೆ ಕರೆದೊಯ್ದ" ಎಂದರೆ ಒಬ್ಬನಿಗೆ ಮಾತ್ರ ಸರಿ.

ಹುದ್ದೆಯಲ್ಲೂ ಬಲೆ ಇದೆ. "ಮೇಜರ್ ಮನ್ರೋ" ಎಂದು ಸಿಕ್ಕರೆ ಬಕ್ಸಾರ್ ಕಾಲದ ಹೆಕ್ಟರ್ ಇರಬಹುದು, ದತ್ತ ಮಂಡಲದ ಮೊದಲ ವರ್ಷಗಳ ಥಾಮಸ್ ಕೂಡ ಇರಬಹುದು. ಮಧ್ಯೆ ಮೂವತ್ತಾರು ವರ್ಷ ಅಂತರ ಇರುವುದರಿಂದ ವರ್ಷ ಹಿಡಿದರೆ ಸಾಕು. "ಕರ್ನಲ್ ಮನ್ರೋ" ಇನ್ನೂ ಕಷ್ಟ. ಕೇರಳದ ಬರಹಗಳಲ್ಲಿ ಕರ್ನಲ್ ಮನ್ರೋ ಅಂದರೆ ಯಾವಾಗಲೂ ಜಾನ್. 1814ರ ನಂತರದ ಮದರಾಸಿನ ನ್ಯಾಯಾಡಳಿತದ ಕಾಗದಗಳಲ್ಲಿ, ಧಾರವಾಡ ಕಡೆಯ ಯುದ್ಧದ ಕಾಗದಗಳಲ್ಲಿ ಅದು ಥಾಮಸ್. ಇಬ್ಬರೂ ಒಂದೇ ಪ್ರೆಸಿಡೆನ್ಸಿ, ಒಂದೇ ದಶಕ. "ಸರ್" ಪದವಿ ಹೆಕ್ಟರ್‌ಗೆ 1779ರಲ್ಲಿ ಬಂತು, ಥಾಮಸ್‌ಗೆ ಅದು ಬಂದದ್ದು 1819ರಲ್ಲಿ. ಅದಕ್ಕೂ ಹಿಂದಿನ ಕಾಗದದಲ್ಲಿ "ಸರ್ ಥಾಮಸ್" ಎಂದು ಕಂಡರೆ ಅದು ಆಮೇಲೆ ಯಾರೋ ಸೇರಿಸಿದ್ದು.

"ಗವರ್ನರ್ ಮನ್ರೋ" ಹುಡುಕುವಾಗ ಇನ್ನೊಬ್ಬ ನಡುವೆ ನುಗ್ಗುತ್ತಾನೆ. ಅಮೆರಿಕದ ಜೇಮ್ಸ್ ಮನ್ರೋ. ಥಾಮಸ್ ಕೆನರಾದ ಮಳೆಯಲ್ಲಿ ಕಂದಾಯದ ಲೆಕ್ಕ ಹಾಕುತ್ತಿದ್ದಾಗ ಜೇಮ್ಸ್ ವರ್ಜೀನಿಯಾದ ಗವರ್ನರ್ ಆಗಿದ್ದ. ಥಾಮಸ್ ಮದರಾಸಿನ ಗವರ್ನರ್ ಆಗಿದ್ದಾಗ ಜೇಮ್ಸ್ ಅಮೆರಿಕದ ಅಧ್ಯಕ್ಷ, 1817ರಿಂದ 1825. 1823ರ ಮನ್ರೋ ಸಿದ್ಧಾಂತ ಅವನದು, ಲೈಬೀರಿಯಾದ ರಾಜಧಾನಿ ಮನ್ರೋವಿಯಾ ಅವನ ಹೆಸರಿನದು. ಹದಿನೇಳನೇ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ವಲಸೆ ಹೋದ ಆಂಡ್ರ್ಯೂ ಮನ್ರೋ ಆ ವಂಶದ ಮೂಲ.

ಹೆಜ್ಜೆ 4: ಕಾಗುಣಿತ ನೋಡಿ, ಆದರೆ ಪೂರ್ತಿ ನಂಬಬೇಡಿ

ಕನ್ನಡದಲ್ಲಿ ಎಲ್ಲರೂ ಮನ್ರೋ ಅಥವಾ ಮುನ್ರೋ. ಇಂಗ್ಲಿಷ್‌ನಲ್ಲಿ ಹಾಗಲ್ಲ. ನಮ್ಮ ಮೂವರಿಗೂ ಮೊದಲ ಸ್ವರ "ಯು", ಕೊನೆ "ಓ". ಅಮೆರಿಕದ ಅಧ್ಯಕ್ಷನಿಗೆ ಮೊದಲ ಸ್ವರ "ಓ", ಕೊನೆಗೆ ಒಂದು "ಇ" ಸೇರುತ್ತದೆ. ಎಡಿನ್‌ಬರೋದ ವೈದ್ಯರ ಮನೆತನಕ್ಕೆ ಎರಡೂ ಕಡೆ "ಓ", "ಇ" ಇಲ್ಲ. ಹುಡುಕುವಾಗ ಈ ಮೂರೂ ರೂಪಗಳನ್ನು ಹಾಕಿ ನೋಡಿ. ಕನ್ನಡದಲ್ಲೂ ಮನ್ರೋ, ಮನ್ರೊ, ಮುನ್ರೋ, ಮುನ್ರೊ ನಾಲ್ಕನ್ನೂ ಹಾಕಿ.

ಆದರೆ ಹಳೆಯ ಕಾಲದವರು ಕಾಗುಣಿತದ ವಿಷಯದಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಜಾನ್ ಮನ್ರೋನ ಹೆಸರಿನ ದ್ವೀಪಕ್ಕೆ ಈಗ ಇಂಗ್ಲಿಷ್‌ನಲ್ಲಿ ಕೊನೆಗೆ "ಇ" ಸೇರಿಸಿ ಬರೆಯುತ್ತಾರೆ. ಇನ್ನೊಂದು ಉದಾಹರಣೆ ಹುಲಿಯದು. 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಒಬ್ಬ ಯುವಕನನ್ನು ಹುಲಿ ಕಚ್ಚಿ ಕೊಂದಿತು. ಆತ ಹೆಕ್ಟರ್ ಮನ್ರೋನ ಮಗ. ಸುದ್ದಿ ಬ್ರಿಟನ್ನಿನ ಉದ್ದಗಲಕ್ಕೂ ಹಬ್ಬಿತು, ಹಲವು ವರ್ಷಗಳ ನಂತರವೂ ಸ್ಟಾಫರ್ಡ್‌ಶೈರ್‌ನ ಕುಂಬಾರರು ಹುಲಿ ಬಾಯಲ್ಲಿ ಮನುಷ್ಯ ಇರುವ ಗೊಂಬೆ ಮಾಡಿ ಮಾರುತ್ತಿದ್ದರು. ಅದರ ಮೇಲೆ ಕೆತ್ತಿದ ಹೆಸರಿನ ಕೊನೆಗೆ ಒಂದು "ಡಬ್ಲ್ಯು" ಜಾಸ್ತಿ ಇದೆ. ಶ್ರೀರಂಗಪಟ್ಟಣದಿಂದ 1799ರಲ್ಲಿ ಲೂಟಿ ಹೋಗಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಟಿಪ್ಪುವಿನ ಹುಲಿಗೂ ಈ ಸಾವಿಗೂ ಸಂಬಂಧ ಇದೆ ಎಂದು ಅನೇಕರು ಹೇಳುತ್ತಾರೆ. ಹಾಗೆ ಬರೆಯುವುದಾದರೆ "ಎಂದು ಹೇಳುತ್ತಾರೆ" ಎಂಬ ಮಾತನ್ನು ಬಿಡಬೇಡಿ. ಹುಲಿ ಟಿಪ್ಪುವಿನ ಗುರುತೇ ಆಗಿತ್ತು, ಅವನ ಸಿಂಹಾಸನದಲ್ಲಿ, ಆಯುಧಗಳಲ್ಲಿ, ಸೈನಿಕರ ಬಟ್ಟೆಯಲ್ಲಿ ಎಲ್ಲೆಲ್ಲೂ ಹುಲಿಯೇ. ಕೆಲವರು ಹುಲಿ ಕೊಂದದ್ದು ಜನರಲ್‌ನನ್ನೇ ಎಂದು ಬರೆದುಬಿಡುತ್ತಾರೆ. ಅಪ್ಪ ಬದುಕಿದ್ದು 1805ರವರೆಗೆ, ಅದೂ ಸ್ಕಾಟ್ಲೆಂಡಿನಲ್ಲಿ.

ಹೆಜ್ಜೆ 5: ಜಮೀನಿನ ಹೆಸರು ಹಿಡಿಯಿರಿ

ಸ್ಕಾಟರಿಗೇ ಈ ತೊಂದರೆ ಇತ್ತು. ಒಂದೇ ಸೀಮೆಯಲ್ಲಿ ಹತ್ತು ಹೆಕ್ಟರ್ ಮನ್ರೋಗಳು ಇದ್ದರೆ ಏನು ಮಾಡುವುದು? ಅವರು ಎಸ್ಟೇಟಿನ ಹೆಸರು ಸೇರಿಸಿ ಕರೆದರು. ಬಕ್ಸಾರ್‌ನ ಹೆಕ್ಟರ್ ನೋವಾರ್‌ನವನು. ತಿರುವಾಂಕೂರಿನ ಜಾನ್ ಟೀನಿನಿಕ್‌ನವನು. ಕುಲದ ಮುಖ್ಯಸ್ಥರು ಫೌಲಿಸ್‌ನವರು. ಥಾಮಸ್‌ನ ಮಕ್ಕಳ ಶಾಖೆ ಲಿಂಡರ್ಟಿಸ್‌ನವರು. ಹಳೆಯ ಕಾಗದದಲ್ಲಿ ಹೆಸರಿನ ಪಕ್ಕ ಇಂಥ ಊರು ಕಂಡರೆ ಅದನ್ನು ಸುಮ್ನೆ ದಾಟಬೇಡಿ. ಅದೇ ನಿಜವಾದ ಗುರುತು.

ಇದರಿಂದ ಕುತೂಹಲದ ಸಂಗತಿಗಳೂ ಬಿಚ್ಚಿಕೊಳ್ಳುತ್ತವೆ. ನೋವಾರ್ ಎಂದು ಹಿಡಿದು ಹೋದರೆ ಆಲ್ನೆಸ್ ಊರಿನ ಮೇಲಿನ ಫೈರಿಶ್ ಬೆಟ್ಟ ಸಿಗುತ್ತದೆ. ಬೆಟ್ಟದ ನೆತ್ತಿಯಲ್ಲಿ ಕಲ್ಲಿನ ಕಮಾನುಗಳ ಸಾಲು. 1781ರಲ್ಲಿ ಡಚ್ಚರಿಂದ ಹಿಡಿದ ನಾಗಪಟ್ಟಣದ ಕೋಟೆ ಬಾಗಿಲಿನ ಮಾದರಿಯಲ್ಲಿ ಹೆಕ್ಟರ್ ಕಟ್ಟಿಸಿದ್ದು ಎಂದು ಅಲ್ಲಿನವರು ಹೇಳುತ್ತಾರೆ. ತಮಿಳು ಕರಾವಳಿಯ ಒಂದು ಬಾಗಿಲಿನ ನೆರಳು ಸ್ಕಾಟ್ಲೆಂಡಿನ ಬೆಟ್ಟದ ಮೇಲೆ!

ಟೀನಿನಿಕ್ ಎಂದು ಹೋದರೆ 1817ರಲ್ಲಿ ಶುರುವಾದ ವಿಸ್ಕಿ ಕಾರ್ಖಾನೆ ಸಿಗುತ್ತದೆ. ಅದನ್ನು ಕಟ್ಟಿದವನು ಜಾನ್‌ನ ಅಣ್ಣ ಕ್ಯಾಪ್ಟನ್ ಹ್ಯೂ ಮನ್ರೋ, ಯುದ್ಧದಲ್ಲಿ ಗುಂಡೇಟಿನಿಂದ ಎರಡೂ ಕಣ್ಣು ಕಳೆದುಕೊಂಡವನು.

ಲಿಂಡರ್ಟಿಸ್ ಹಾದಿ ನನಗೆ ಎಲ್ಲಕ್ಕಿಂತ ಇಷ್ಟ. ಬ್ರಿಟನ್ನಿನಲ್ಲಿ ಬೆಟ್ಟ ಹತ್ತುವವರ ಬಾಯಲ್ಲಿ "ಮನ್ರೋ" ಅಂದರೆ ಮನುಷ್ಯನೇ ಅಲ್ಲ, ಶಿಖರ. 3,000 ಅಡಿಗಿಂತ ಎತ್ತರದ ಸ್ಕಾಟಿಷ್ ಶಿಖರಗಳನ್ನು ಮನ್ರೋ ಎನ್ನುತ್ತಾರೆ. ಈಗಿನ ಪಟ್ಟಿಯಲ್ಲಿ 282 ಇವೆ. ಎಲ್ಲಕ್ಕಿಂತ ಎತ್ತರದ್ದು 1,345 ಮೀಟರಿನ ಬೆನ್ ನೆವಿಸ್. 1891ರಲ್ಲಿ ಮೊದಲ ಪಟ್ಟಿ ಮಾಡಿದವನು ಸರ್ ಹ್ಯೂ ಥಾಮಸ್ ಮನ್ರೋ. ಲಿಂಡರ್ಟಿಸ್‌ನ ನಾಲ್ಕನೇ ಬ್ಯಾರೊನೆಟ್, ಅಂದರೆ ವಂಶಪಾರಂಪರ್ಯವಾಗಿ ಬರುವ ಆ ಬಿರುದನ್ನು ಹೊತ್ತ ನಾಲ್ಕನೆಯವನು. ಮೊದಲನೇ ಬ್ಯಾರೊನೆಟ್ ಯಾರು? 1825ರಲ್ಲಿ ಆ ಪದವಿ ಪಡೆದ ಥಾಮಸ್ ಮನ್ರೋ. ಅಂದರೆ ಬಳ್ಳಾರಿ ಸೀಮೆಯ ರೈತರ ಹೊಲ ಅಳೆಸಿದವನ ಮೊಮ್ಮಗ ಸ್ಕಾಟ್ಲೆಂಡಿನ ಬೆಟ್ಟಗಳನ್ನು ಎಣಿಸಿದ. ಕ್ಯಾಂಪ್‌ಬೆಲ್ ಮನ್ರೋ ಎಂದು ಮೇಲೆ ಹೇಳಿದೆನಲ್ಲ, ಆತ ಹ್ಯೂನ ತಂದೆ, ಮೂರನೇ ಬ್ಯಾರೊನೆಟ್. ಪದವಿಯ ಕ್ರಮಸಂಖ್ಯೆ ಹಿಡಿದರೆ ಅಜ್ಜ, ಮಗ, ಮೊಮ್ಮಗ ಸಾಲಾಗಿ ನಿಲ್ಲುತ್ತಾರೆ. ತನ್ನ ಪಟ್ಟಿಯ ಎಲ್ಲ ಶಿಖರಗಳನ್ನು ಮುಗಿಸುವ ಮೊದಲೇ ಹ್ಯೂ 1919ರಲ್ಲಿ ತೀರಿಕೊಂಡ. ಸ್ಕೈ ದ್ವೀಪದ ಕಡಿದಾದ ಬಂಡೆ ಶಿಖರ ಅವನಿಗೆ ಕೊನೆಗೂ ದಕ್ಕಲಿಲ್ಲ.

ಹೆಜ್ಜೆ 6: ಒಂದೇ ಮನೆ, ಒಂದೇ ಹೆಸರು, ಒಂದೇ ಕೆಲಸ ಆದರೆ?

ಇಂಥ ಪರಿಸ್ಥಿತಿಯೂ ಇದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಅಂಗರಚನಾ ಶಾಸ್ತ್ರದ ಪೀಠದಲ್ಲಿ 1720ರಿಂದ 1846ರವರೆಗೆ ಅಜ್ಜ, ಮಗ, ಮೊಮ್ಮಗ ಮೂವರೂ ಅಲೆಕ್ಸಾಂಡರ್ ಮನ್ರೋಗಳೇ. ಹೆಸರಿನಿಂದ ಏನೂ ಮಾಡಲು ಆಗದೆ ಜನರು ಲ್ಯಾಟಿನ್ ಅಂಕೆ ಹಚ್ಚಿದರು: ಪ್ರೈಮಸ್, ಸೆಕುಂಡಸ್, ಟರ್ಷಿಯಸ್. ಮೆದುಳಿನ ಕುಹರಗಳ ನಡುವಿನ ಮನ್ರೋ ರಂಧ್ರ ಸೆಕುಂಡಸ್‌ನ ಹೆಸರಿನದು. ತಲೆಬುರುಡೆಯೊಳಗಿನ ಒತ್ತಡದ ಮನ್ರೋ–ಕೆಲ್ಲಿ ತತ್ವದಲ್ಲಿ ಬರುವವನೂ ಅವನೇ. ಹೆಣಗಳನ್ನು ಮಾರಲು ಕೊಲೆ ಮಾಡಿ 1829ರಲ್ಲಿ ಗಲ್ಲಿಗೇರಿದ ವಿಲಿಯಂ ಬರ್ಕ್‌ನ ದೇಹವನ್ನು ಕೊಯ್ದು ಪಾಠ ಮಾಡಿದವನು ಟರ್ಷಿಯಸ್. ಅವನ ಪಾಠ ಕೇಳಿ ಬೇಸತ್ತ ವಿದ್ಯಾರ್ಥಿಗಳಲ್ಲಿ ಚಾರ್ಲ್ಸ್ ಡಾರ್ವಿನ್ ಕೂಡ ಒಬ್ಬ. ವೈದ್ಯಕೀಯ ವಿಷಯ ಕನ್ನಡದಲ್ಲಿ ಬರೆಯುವವರು ದಯವಿಟ್ಟು ಈ ಅಂಕೆಯನ್ನು ಬಿಡಬೇಡಿ. "ಅಲೆಕ್ಸಾಂಡರ್ ಮನ್ರೋ" ಎಂದಷ್ಟೇ ಬರೆದರೆ ಮೂವರಲ್ಲಿ ಯಾರನ್ನು ಹೇಳಿದ್ದೀರಿ ಎಂದು ಯಾರಿಗೂ ತಿಳಿಯುವುದಿಲ್ಲ.

ಹೆಜ್ಜೆ 7: ಹೆಸರು ಹುಟ್ಟಿನಿಂದ ಬಂದದ್ದೇ ಎಂದು ಕೇಳಿ

ಇದು ಬೇಗ ಮುಗಿಯುವ ಹೆಜ್ಜೆ. 2013ರಲ್ಲಿ ನೊಬೆಲ್ ಪಡೆದ ಕೆನಡಾದ ಕಥೆಗಾರ್ತಿ ಆಲಿಸ್ ಮನ್ರೋ ಹುಟ್ಟಿನಿಂದ ಆಲಿಸ್ ಲೇಡ್ಲಾ. ಮನ್ರೋ ಮೊದಲ ಗಂಡನ ಮನೆತನದ ಹೆಸರು. ಲೇಡ್ಲಾ ಕೂಡ ಸ್ಕಾಟಿಷ್ ಹೆಸರೇ, ಅವರ ಹಿರಿಯರು ಎಟ್ರಿಕ್ ಕಣಿವೆಯವರು. ಮರ್ಲಿನ್ ಮನ್ರೋ ಸಿನಿಮಾಕ್ಕಾಗಿ ತಾಯಿಯ ತವರುಮನೆಯ ಹೆಸರು ತೆಗೆದುಕೊಂಡವರು. ಇನ್ನು ಇಂಗ್ಲಿಷ್ ಸಣ್ಣಕಥೆಗಳಲ್ಲಿ ಸಿಗುವ ಸಾಕಿ ತನ್ನ ಹೆಸರನ್ನೇ ಮುಚ್ಚಿಟ್ಟವನು: ನಿಜ ಹೆಸರು ಹೆಕ್ಟರ್ ಹ್ಯೂ ಮನ್ರೋ, 1870ರಲ್ಲಿ ಬರ್ಮಾದ ಅಕ್ಯಾಬ್‌ನಲ್ಲಿ ಹುಟ್ಟಿ 1916ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಗುಂಡು ತಗುಲಿ ಸತ್ತ. ಹೆಕ್ಟರ್ ಮನ್ರೋ ಎಂದು ಹುಡುಕಿದರೆ ಇವನೂ ಬರುತ್ತಾನೆ. ಆಗ ವರ್ಷ ನೋಡಿ, ಅಷ್ಟು ಸಾಕು.

ಹೆಜ್ಜೆ 8: ಜನರ ನೆನಪನ್ನೂ ದಾಖಲೆಯನ್ನೂ ಬೇರೆ ಬೇರೆ ಸಾಲಿನಲ್ಲಿ ಇಡಿ

ಥಾಮಸ್ ಮನ್ರೋ ವಿಷಯದಲ್ಲಿ ಇದು ತುಂಬ ಬೇಕು. ರಾಯಲಸೀಮೆಯ ಹಳ್ಳಿಗಳಲ್ಲಿ ಗಂಡುಮಕ್ಕಳಿಗೆ ಮುನ್ರೋಲಪ್ಪ ಎಂದು ಹೆಸರಿಟ್ಟದ್ದು ದಾಖಲಾಗಿದೆ. ಒಬ್ಬ ಕಂದಾಯ ಅಧಿಕಾರಿಯ ಹೆಸರನ್ನು ರೈತರು ತಮ್ಮ ಮಗುವಿಗೆ ಇಡುವುದು ಸಣ್ಣ ಮಾತಲ್ಲ. ಮಂತ್ರಾಲಯದ ಭಕ್ತರು ಹೇಳುವ ಕಥೆ ಎಲ್ಲರಿಗೂ ಗೊತ್ತು. ಮಠದ ಭೂಮಿಯನ್ನು ಸರ್ಕಾರ ವಾಪಸ್ ಪಡೆಯುವ ಮಾತು ಬಂದಾಗ ಮನ್ರೋ ವಿಚಾರಣೆಗೆ ಬಂದ. ಪಾದರಕ್ಷೆ, ಟೋಪಿ ತೆಗೆದು ಒಳಗೆ ಹೋದ. 1671ರಲ್ಲೇ ಬೃಂದಾವನಸ್ಥರಾಗಿದ್ದ ರಾಘವೇಂದ್ರ ಸ್ವಾಮಿಗಳು ಅವನಿಗೆ ಕಾಣಿಸಿಕೊಂಡು ಮಾತಾಡಿದರು. ಇದು ನಂಬಿಕೆಯ ಕಥೆ, ಹಾಗೆಂದೇ ಗೌರವದಿಂದ ಬರೆಯಿರಿ. ಕಥೆಯ ಮನ್ರೋ ಥಾಮಸ್ ಎನ್ನುವುದರಲ್ಲಿ ಅನುಮಾನ ಇಲ್ಲ, ಆ ಕಾಲದಲ್ಲಿ ಆದವಾನಿ ಸೀಮೆ ಅವನ ಕೈಕೆಳಗೇ ಇತ್ತು. ಒಂದು ತಿದ್ದುಪಡಿ ಮಾತ್ರ: "ಬಳ್ಳಾರಿ ಜಿಲ್ಲಾಧಿಕಾರಿ" ಎಂದು ಬರೆಯುವ ಬದಲು "ದತ್ತ ಮಂಡಲದ ಪ್ರಧಾನ ಕಲೆಕ್ಟರ್" ಎಂದು ಬರೆಯುವುದು ಸರಿ. ಬಳ್ಳಾರಿ ಪ್ರತ್ಯೇಕ ಜಿಲ್ಲೆಯಾದದ್ದು ಆತ ಹೋದ ಮೇಲೆ, 1808ರಲ್ಲಿ.

ಪ್ರೀತಿಯ ನೆನಪಿನ ಜೊತೆ ಲೆಕ್ಕವನ್ನೂ ಇಡಬೇಕು. ದತ್ತ ಮಂಡಲದಲ್ಲಿ ಥಾಮಸ್ ಹಾಕಿದ ಕಂದಾಯ ಹಗುರವಾಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. 1807ರಲ್ಲಿ ಹೊರಡುವಾಗ ಕಂದಾಯವನ್ನು ಶೇಕಡಾ 25ರಷ್ಟು ಇಳಿಸಬೇಕು ಎಂದು ಬರೆದುಕೊಟ್ಟ. ಮೇಲಿನವರು ಒಪ್ಪಲಿಲ್ಲ, ಹಳ್ಳಿಗಳನ್ನೇ ಗುತ್ತಿಗೆಗೆ ಕೊಟ್ಟರು. ರೈತವಾರಿ ಮತ್ತೆ ಬಂದದ್ದು ಆತ ಗವರ್ನರ್ ಆದ ಮೇಲೆ. ಕೆನರಾದಲ್ಲಿ ಅವನಿಗೆ ಕಂಡದ್ದು ಬೇರೆ ಚಿತ್ರ. ವಿಜಯನಗರ, ಕೆಳದಿ ಕಾಲದಿಂದ ಬಂದ ಶಿಸ್ತು ಎಂಬ ನಿಗದಿತ ಕಂದಾಯ, ಮೂಲಿ ವರ್ಗ ಎಂಬ ತಲೆತಲಾಂತರದ ಹಿಡುವಳಿ, ಹೊಲ ಮಾರುವ ಅಡವಿಡುವ ಹಕ್ಕು. ಭೂಮಿಯೆಲ್ಲ ರಾಜನದು ಎಂದು ಕಂಪನಿಯವರು ಅಂದುಕೊಂಡಿದ್ದ ಕಾಲದಲ್ಲಿ, ಇಲ್ಲಿ ಭೂಮಿ ರೈತನ ಖಾಸಗಿ ಆಸ್ತಿ ಎಂದು 1800ರ ವರದಿಗಳಲ್ಲಿ ಬರೆದ. ಕರಾವಳಿಯವರು ಓದಲೇಬೇಕಾದ ಕಾಗದಗಳು ಅವು. ಮನ್ರೋ ಎಂದರೆ ರೈತವಾರಿ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರೆ ಈ ಕೆನರಾದ ಕಥೆ ಕಾಣದೇ ಹೋಗುತ್ತದೆ.

ಹೆಜ್ಜೆ 9: ನೀವು ಬರೆಯುವಾಗ

ಮೊದಲ ಸಲ ಹೆಸರು ಬರುವಲ್ಲಿ ಪೂರ್ತಿ ಹೆಸರು, ಹುಟ್ಟು ಸಾವಿನ ವರ್ಷ, ಒಂದು ಗುರುತು ಹಾಕಿ: "ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ, 1761–1827". ಆಮೇಲೆ ಬರೀ ಮನ್ರೋ ಎಂದರೂ ತೊಂದರೆ ಇಲ್ಲ. ಒಂದೇ ಲೇಖನದಲ್ಲಿ ಇಬ್ಬರು ಬಂದರೆ ಕೊನೆಯವರೆಗೂ ಥಾಮಸ್, ಹೆಕ್ಟರ್ ಎಂದು ಮೊದಲ ಹೆಸರಿನಿಂದಲೇ ಕರೆಯಿರಿ.

ಫೋಟೋ ಹಾಕುವಾಗ ಇನ್ನೂ ಎಚ್ಚರ ಬೇಕು. ಚಿತ್ರದ ಮೂಲ ಪುಟಕ್ಕೆ ಹೋಗಿ, ಅದನ್ನು ಇಟ್ಟುಕೊಂಡಿರುವ ಮ್ಯೂಸಿಯಂ ಕೊಟ್ಟ ಶೀರ್ಷಿಕೆ ಓದಿ. ಕುದುರೆ ಮೇಲೆ ಕೂತ ಮನ್ರೋ ಕಂಡರೆ ಅದು ಚೆನ್ನೈನ ಐಲ್ಯಾಂಡ್ ಮೈದಾನದ ಹತ್ತಿರ ಇರುವ ಥಾಮಸ್‌ನ ಪ್ರತಿಮೆ, ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ, ನಿಲ್ಲಿಸಿದ್ದು 1839ರಲ್ಲಿ. ಗುರುತು ಹಿಡಿಯುವುದು ಸುಲಭ, ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಅಥವಾ ಬೇರೆ ಕಡೆ ಇಬ್ಬರು ಮನ್ರೋಗಳು ಬೆರೆತಿರುವುದು ಕಂಡರೆ ತಿದ್ದಿ. ತಿದ್ದುವ ಮೊದಲು ಆ ಸಾಲಿನ ವರ್ಷ, ಊರು, ಹುದ್ದೆ ಮೂರನ್ನೂ ಹಳೆಯ ಜಿಲ್ಲಾ ಗೆಜೆಟಿಯರ್‌ನಲ್ಲಿ ಹೋಲಿಸಿ ನೋಡಿ. ಮೂರರಲ್ಲಿ ಎರಡು ಮಾತ್ರ ಕೂಡಿಬಂದರೆ ಕೈ ಹಾಕಬೇಡಿ, ಮೂರನೆಯದು ಸಿಗುವವರೆಗೆ ಆ ಸಾಲನ್ನು ಚರ್ಚೆ ಪುಟದಲ್ಲಿ ಇಟ್ಟು ಬೇರೆಯವರನ್ನು ಕೇಳಿ.